ಒಡ್ಡಿನ ಲೆಕ್ಕದ ಪುಸ್ತಕ

ಗೆದ್ದಲು ತಿಂದದ್ದು ಜಮೆಯ ಪುಟಗಳನ್ನು.
ದಂಡದ ಪುಟಗಳು ಹಾಗೇ ಇವೆ, ನೀಲಿ ಶಾಯಿ ತುಸು ಹರಡಿ.
ಒಡ್ಡಿಗೆ ಮಣ್ಣು ಹೊರಲು ಬಾರದ ಬೊಮ್ಮು ಗೌಡ: ಎರಡಾಣೆ.
ಬಂದೂ ಮಲಗಿದ ಜಟ್ಟಿ ಅಂಬಿಗ: ನಾಲ್ಕಾಣೆ.
ಹೆತ್ತು ಹನ್ನೊಂದು ದಿನ ತುಂಬುವ ಮೊದಲೇ
ಬುಟ್ಟಿ ಹಿಡಿದು ಬಂದ ನಾಗುವನ್ನು
ಬೈದು ವಾಪಸು ಕಳಿಸಿ, ಸಮಿತಿಯೇ
ಅರ್ಧ ಸೇರು ಬೆಲ್ಲ ಕೊಟ್ಟಿದೆ. ಖರ್ಚು ಬರೆದಿದೆ.

ಊರೆಂದರೆ ಇಷ್ಟೇ ಆಗಿತ್ತು:
ಒಂದು ಕಡೆ ಅಘನಾಶಿನಿಯ ಉಪ್ಪು,
ಒಂದು ಕಡೆ ಗಜನಿಯ ಕಗ್ಗ,
ನಡುವೆ ಆಳೆತ್ತರದ ಮಣ್ಣು.
ಕಗ್ಗಕ್ಕೆ ಗೊಬ್ಬರ ಬೇಡ, ಕಳೆ ಕೀಳುವುದು ಬೇಡ,
ನೆರೆಯಲ್ಲಿ ಕೊರಳಮಟ ಮುಳುಗಿ
ಮತ್ತೆ ತಲೆಯೆತ್ತುವ ಮೊಂಡು ಜಾತಿ.
ಅದರ ಕೆಂಪು ಗಂಜಿ ಕುಡಿದವ ಮಧ್ಯಾಹ್ನದ ತನಕ
ಯಾರ ಮಾತನ್ನೂ ಕೇಳುವುದಿಲ್ಲ ಅಂತ
ಕುಮಟೆ ಪೇಟೆಯಲ್ಲಿ ನಗುತ್ತಿದ್ದರು.
ಕೊಯ್ಲಾಗಿ ಜಂತ್ರಡಿಯ ಹಲಗೆ ಎತ್ತಿದರೆ
ಅದೇ ಗದ್ದೆ ಹೊಳೆ, ಅದೇ ಕೈಯಲ್ಲಿ ಬಲೆ.
ಸಿಗಡಿಯಲ್ಲೂ ಪಾಲು, ಪಾಲಿನಲ್ಲೂ ಜಗಳ.

ಅರವತ್ತೊಂದರ ಪುಟ. ಆಷಾಢದ ಅಮಾವಾಸ್ಯೆ.
ಬೇರೆ ಕೈಬರಹ, ಅವಸರದ್ದು:
‘ರಾತ್ರಿ ಒಡ್ಡು ಹರಿಯಿತು. ಹದಿನಾಲ್ಕು ಮೊಳ.
ಮಣ್ಣು ನಿಲ್ಲುತ್ತಿಲ್ಲ. ಬಾಗಿಲು ನಲವತ್ತೊಂದು.’
ಅಷ್ಟೇ.

ಮಿಕ್ಕದ್ದನ್ನು ಹೇಳಿದವಳು ನಾಗುವಿನ ಮಗಳು ತುಳಸು:
“ಕದ ಕಿತ್ಕಂಡು ಹೊತ್ರು, ತಮಾ.
ಮಲಗಿದ ನಮ್ಮ ಮೇಲೆ ಇರಚಲು.
ಅವ್ವಿ ಹೊಸ್ತಿಲಲ್ಲಿ ಕೂತಳು, ಬೆಳಗಿನ ತನಕ,
ಬೆನ್ನೇ ಬಾಗಿಲು.”
ಶಾನಭಾಗರು ಅಂಗಡಿಯ ಹಲಗೆ ಕೊಟ್ಟರಂತೆ,
ಒಂದರಿಂದ ಹನ್ನೆರಡು, ನಂಬರು ಬರೆದವು.
ವಾಪಸು ಬರುವಾಗ ಏಳು ಇರಲಿಲ್ಲ.
ಆಮೇಲೆ ಆ ಸಂದಿಯಿಂದಲೇ
ನಡುರಾತ್ರಿ ಬೀಡಿ ಮಾರಿದರು.
ದೀಪಾವಳಿಯ ತನಕ ಊರು ಬಾಗಿಲಿಲ್ಲದೆ ಮಲಗಿತು.
ಕಳುವಾದದ್ದು ಒಂದು ಹುಂಜ.
ಅದಕ್ಕೂ ‘ನರಿ’ ಎಂದು ಬರೆದು ಮುಗಿಸಿದ್ದಾರೆ.

ಈಗ ಒಡ್ಡು ಸರಕಾರದ್ದು, ಕಲ್ಲಿನದು.
ಜಂತ್ರಡಿ ಗುತ್ತಿಗೆದಾರನದು, ಸಿಗಡಿಗೆ ಬೇಕೆಂದು
ಮಳೆಗಾಲದಲ್ಲೂ ಉಪ್ಪುನೀರು ಒಳಗೆ.
ಕಗ್ಗ ಮೂರು ಗದ್ದೆ ಉಳಿದಿದೆ, ಬೀಜಕ್ಕೆ.
ಬೊಮ್ಮುವಿನ ಮೊಮ್ಮಗ ಬಿತ್ತುತ್ತಾನೆ,
ಯಾರ ಮಾತನ್ನೂ ಕೇಳದೆ.

ಹಳೆಯ ಮನೆಗಳ ಕದ ಇಂದಿಗೂ
ಪೂರ್ತಿ ಕೂಡುವುದಿಲ್ಲ. ಹೊಳೆ ಕುಡಿದು ಸೊಟ್ಟಗಾದವು.
ಸಂದಿಯಲ್ಲಿ ಬಿಸಿಲು, ಬೆಕ್ಕು,
ಪಕ್ಕದ ಮನೆಯ ಮೀನುಸಾರಿನ ಪರಿಮಳ.

ಮನೆಗಳು ಆಗ ನಲವತ್ತೆರಡು.
ಅಜ್ಜನ ಹೆಸರಿನೆದುರು ದಂಡವೂ ಬರೆದಿಲ್ಲ,
ಬರೀ ಒಂದು ಗೆರೆ.
ನಮ್ಮ ಬಾಗಿಲು
ಒಂದೇ ಕೈಗೆ, ಸದ್ದಿಲ್ಲದೆ,
ಸರಿಯಾಗಿ ಮುಚ್ಚುತ್ತದೆ.