ಏಳಕ್ಕೆ ಮನೆಯಿಲ್ಲ

ಪಾಂಡವಪುರದಿಂದ ಬಂದ ಬಸ್ಸು ನನ್ನನ್ನಿಳಿಸಿ
ನಾಲೆ ಏರಿಯ ಮೇಲೆ ತಿರುಗಿಕೊಳ್ಳುತ್ತದೆ.
ಅಲ್ಲಿಂದಾಚೆಗೆ ಹೋಗಲು ಅದಕ್ಕೆ ಊರಿಲ್ಲ.
ನಾಲ್ಕು, ಐದು ಸೇರಿ ಒಂದೇ ಕೋಣೆ. ಹತ್ತೊಂಬತ್ತು ಮಕ್ಕಳು,
ಹೇಗೆ ಕೂರಿಸಿದರೂ ಸಾಲು ಸಮವಾಗದ ಲೆಕ್ಕ.

ಮಗ್ಗಿ ಇವರಿಗೆ ಬಾಯಲ್ಲಿದೆ, ಗಂಟಲಲ್ಲಿದೆ,
ಮಧ್ಯಾಹ್ನದ ಸಾಂಬಾರಿನ ಸೊಪ್ಪಿನಂತೆ ಹಲ್ಲಿನ ಸಂದಿಯಲ್ಲಿದೆ.
ಮೇಲಿನಿಂದ ಕೆಳಕ್ಕೆ ಸರಾಗ ಇಳಿಯುತ್ತಾರೆ;
ನಡುವಿನ ಒಂದು ಮೆಟ್ಟಿಲು ಕೇಳಿದರೆ
ಮತ್ತೆ ಹತ್ತಿ, ಒಂದರಿಂದ ಶುರು.

ಅದಕ್ಕೇ ಇವತ್ತು ಬೋರ್ಡಿನ ಮೇಲೆ ಒಂಬತ್ತು ಮನೆ ಕಟ್ಟಿದೆ.
ಮೂರು ಸಾಲು, ಸಾಲಿಗೆ ಮೂರು. ಬಾಗಿಲಿಲ್ಲ, ಕಿಟಕಿಯಿಲ್ಲ.
ಒಂದರಿಂದ ಒಂಬತ್ತು, ಒಬ್ಬೊಬ್ಬರಿಗೆ ಒಂದೊಂದೇ ಮನೆ.
ಸಾಲಿನವರು ತಮ್ಮತಮ್ಮಲ್ಲೇ ಗುಣಿಸಿಕೊಂಡರೆ ಎಷ್ಟು ಅಂತ
ಬಲಕ್ಕೆ ಬರೆದೆ: ಐವತ್ನಾಲ್ಕು, ಇಪ್ಪತ್ತೇಳು, ಇನ್ನೂರ ನಲವತ್ತು.
ಕೆಳಗೆ: ಅರವತ್ತು, ಐವತ್ನಾಲ್ಕು, ನೂರೆಂಟು.
ಮನೆ ಖಾಲಿ, ವಿಳಾಸ ಮಾತ್ರ ಇದೆ. ಹುಡುಕಿ, ಅಂದೆ.

ತನುಷ್ ಎದ್ದು ನಿಂತೇ ಕೂಗಿದ: "ಇಪ್ಪತ್ತೇಳು! ಮೂರು ಮೂರು ಮೂರು!"
"ಒಂದ್ ಮೂರು ಮೂರ್ ಮನೇಲಿ ಹೆಂಗ್ಲಾ ಮನಿಕ್ಕತದೆ?"
ಅಂದಿತು ಹಿಂದಿನ ಸಾಲು.
ಕೋಣೆಯೆಲ್ಲ ನಗು. ನಗುವಿನೊಳಗೇ ಯಾರೋ
ಒಂದು, ಮೂರು, ಒಂಬತ್ತು ಅಂದರು, ಮೆತ್ತಗೆ.
ಐದು ತಾನಾಗಿ ಹೋಗಿ ಮೂಲೆಯಲ್ಲಿ ಕೂತಿತು,
ಸೊನ್ನೆಯಿರುವ ಬೀದಿಗಳು ಕೂಡುವ ಕಡೆ.

ಆಮೇಲೆ ಗದ್ದಲ ನಿಂತಿತು. ಪೆನ್ಸಿಲ್ ಕಚ್ಚುವ ಸದ್ದು.
ಹಂಸವೇಣಿ ಬೆರಳು ಮಡಚುತ್ತಿದ್ದಳು.
ಮಗ್ಗಿ ಹೇಳು ಅಂದರೆ ನೆಲ ನೋಡುವ ಹುಡುಗಿ.
ಅವಳವ್ವ ಆಲೆಮನೆಯಲ್ಲಿ ಅಚ್ಚುಬೆಲ್ಲ ಎಣಿಸಿ ಕಟ್ಟುತ್ತಾಳೆ;
ಕಟ್ಟಿಗೆ ಸೇರದೆ ಮಿಕ್ಕಿದ ಅಚ್ಚು ಮಗಳದು.
ಹಾಗಾಗಿ ಮಿಕ್ಕುವುದರ ಮೇಲೇ ಅವಳ ಕಣ್ಣು.

"ಮಿಸ್, ಏಳು ಕುಂತ್ಕಳಾಕೆ ಎಲ್ಲೂ ಜಾಗ ಇಲ್ಲ."
ಸರಿಯಾಗಿ ನೋಡು, ಅಂದೆ. ನನ್ನ ದನಿಯಲ್ಲಿ ಸ್ಕೇಲು ಇತ್ತು.
"ನೋಡ್ದೆ. ಇಪ್ಪತ್ತೇಳರಲ್ಲಿ ಏಳೇಳು ಕಟ್ಟಿದ್ರೆ ಆರು ಮಿಕ್ತವೆ.
ಇನ್ನೂರ ನಲವತ್ತರಲ್ಲಿ ಎರಡು. ಅರವತ್ತರಲ್ಲಿ ನಾಕು. ನೂರೆಂಟರಲ್ಲಿ ಮೂರು.
ಐವತ್ನಾಕರಲ್ಲಿ ಐದು. ಇತ್ಲಾಗೂ ಐದು, ಕೆಳಗೂ ಐದು.
ಎಲ್ಲಾ ಕಡೆನೂ ಮಿಕ್ತವೆ ಮಿಸ್. ಏಳಕ್ಕೆ ಮನೇನೇ ಇಲ್ಲ."

ಹದಿನೆಂಟು ಮುಖ ಅವಳ ಕಡೆ ತಿರುಗಿ, ಅಲ್ಲಿಂದ ನನ್ನ ಕಡೆ.

ಏಳೆಂಟ್ಲಿ?
ಮೂವತ್ತೊಂದು ವರ್ಷದ ಹಿಂದೆ, ಮದ್ದೂರಿನ ಶಾಲೆಯಲ್ಲಿ,
ಇದೇ ಮೆಟ್ಟಿಲಲ್ಲಿ ಜಾರಿ ಅಂಗೈ ಒಡ್ಡಿದ್ದೆ.
ಆಮೇಲೆ ಡಿ.ಎಡ್. ಮುಗಿಸಿದೆ, ಸಿಇಟಿ ಪಾಸಾದೆ,
ಚೀಟಿ ಲೆಕ್ಕ, ಬಿಸಿಯೂಟದ ಅಕ್ಕಿ ಲೆಕ್ಕ, ಜನಗಣತಿ ಎಲ್ಲ ಬರೆದೆ;
ಆ ಮೆಟ್ಟಿಲನ್ನು ಮಾತ್ರ ಹಾರಿಕೊಂಡೇ ಓಡಾಡಿದೆ
ಯಾರಿಗೂ ಗೊತ್ತಾಗದ ಹಾಗೆ.
ನಿನ್ನೆ ರಾತ್ರಿ ಕರೆಂಟು ಹೋಗಿ, ಮೊಬೈಲಿನ ಬೆಳಕಲ್ಲಿ
ಈ ಮನೆಗಳ ನಕ್ಷೆ ಹಾಕುವಾಗಲೂ
ಕಾಲು ಅಲ್ಲೇ ಹೋಯಿತು, ಎರಡು ಸಲ.

"ತಪ್ಪು ನಂದು" ಅಂದೆ. ಬೋರ್ಡಿನ ಕಡೆ ತಿರುಗಿ ಅಂದೆ, ಅದು ಸುಲಭ.
ಹಂಸವೇಣಿ ಬಂದು, ತುದಿಗಾಲಲ್ಲಿ ನಿಂತು,
ನಾಲ್ಕನ್ನು ಅಂಗೈಯಲ್ಲಿ ಒರೆಸಿ ಆರು ಮಾಡಿದಳು. ಎರಡೂ ಕಡೆ.
ಏಳು ಒಳಗೆ ಹೋಯಿತು. ಅದರ ಹಿಂದೆಯೇ
ನಾಲ್ಕು, ಎರಡು, ಎಂಟು, ಆರು,
ಹನಿ ಬಿದ್ದಾಗ ಶಾಲೆ ಜಗುಲಿಗೆ ನುಗ್ಗುವ ಮೇಕೆಗಳ ಹಾಗೆ.

ಸಂಜೆ ಬೀಗ ಹಾಕಲು ಬಂದಾಗ
ಬೋರ್ಡಿನ ಕೆಳಮೂಲೆಯಲ್ಲಿ ಬೇರೆ ಕೈಬರಹ.
ಏರಿಯ ಮೇಲೆ ಬಸ್ಸು ಹಾರನ್ ಹೊಡೆಯುತ್ತಿತ್ತು, ಬಗ್ಗಿ ನೋಡಿದೆ:
ಎರಡೇ ಮನೆ, ಓರೆಕೋರೆ, ಈ ಸಲ ಬಾಗಿಲೂ ಇದೆ.
ಒಳಗೆ ಒಂಬತ್ತು ಮತ್ತು ಆರು.
ಬಾಗಿಲ ಮುಂದೆ, ನಾನು ಹೊರಗೆ ಹಾಕಿದ ಐವತ್ನಾಲ್ಕು.