ಮೂವತ್ತು ಸಾವಿರ ಸುತ್ತು

ಸಲ್ಮಾಬಾದಿನ ಗ್ಯಾರೇಜು ಸಾಲಿನ ಹಿಂದೆ ನಮ್ಮ ಮನೆ.
ಶುಕ್ರವಾರದ ಹಳೆಸಾಮಾನು ಸಂತೆಯಲ್ಲಿ
ಏಳು ದಿನಾರಿಗೆ ಕೊಂಡೆ, ಮುಷ್ಟಿಯಲ್ಲಿ ಕೂರುವ ಮೆಷಿನು.
ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ಅಂದ ಮಾರಿದವ.
ಎಣಿಸಿದವರಾರು?

ಮೊದಲು ಕಾರಿನ ಹೆಡ್‌ಲೈಟು.
ಬಿಸಿಲು ಕುಡಿದು ಪೊರೆ ಬಂದಿತ್ತು ಕಣ್ಣಿಗೆ.
ಉಣ್ಣೆಯ ಗಾಲಿಗೆ ಹಲ್ಲುಪೇಸ್ಟು ಹಚ್ಚಿ ಉಜ್ಜಿದೆ;
ಎದುರು ಗೋಡೆಯ ಮೇಲೆ ಬೆಳಕು ನೆಟ್ಟಗೆ ಬಿತ್ತು.
ಆಮೇಲೆ ತಲೆ ಸವೆದ ಸ್ಕ್ರೂಗೊಂದು ಹೊಸ ಗೀರು,
ಕಚ್ಚಿಕೊಂಡ ಬಚ್ಚಲ ಚಿಲಕಕ್ಕೆ ಕೂದಲೆಳೆಯಷ್ಟು ಸಡಿಲ.
ಒಂದು ಬಿಲ್ಲೆ ಮುರಿದು ಕಿವಿಯ ಪಕ್ಕವೇ ಹಾರಿತು.
ಅಂದಿನಿಂದ ಕನ್ನಡಕ.

ಆಗಸ್ಟಿನ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದಳು
ಮೇಲಿನ ಮನೆಯ ಫ್ಲೋಸಿ.
ಎಂಟು ತುಂಬಿದ ಹೊಟ್ಟೆ, ಊದಿದ ಬೆರಳು,
ಅದರೊಳಗೆಲ್ಲೋ ಹೂತ ಮದುವೆಯುಂಗುರ.
ಸೋಪು, ಎಣ್ಣೆ, ನೂಲು ಎಲ್ಲ ಆಗಿತ್ತು.
ವಲೇರಿಯನ್ ಹಡಗಿನಲ್ಲಿ, ಫೋನಿಗೆ ಸಿಗುವುದಿಲ್ಲ.
"ಕೊಯ್ದುಬಿಡಿ. ಅವರಿಗೆ ನಾನು ಹೇಳಿಕೊಳ್ತೇನೆ."

ಟ್ಯೂನಾ ಡಬ್ಬಿಯ ತಗಡಿಂದ ಪಟ್ಟಿ ಕತ್ತರಿಸಿ
ಅಂಚು ನುಣುಪು ಮಾಡಿ ಉಂಗುರದಡಿ ತೂರಿಸಿದೆ.
ನನ್ನವಳು ಚಮಚದಲ್ಲಿ ಐಸ್‌ನೀರು ತೊಟ್ಟಿಕ್ಕಿಸುತ್ತಾ
ದೇವರ ಹೆಸರಿಗೆ ನಡುನಡುವೆ ನನ್ನನ್ನೂ ಬೈದಳು.
ಒಂದು ತಾಗು, ಬಿಡು.
ಇನ್ನೊಂದು ತಾಗು, ಬಿಡು.
ಇಂಥ ಅವಸರದ ಯಂತ್ರಕ್ಕೆ
ನಿಧಾನ ಕಲಿಸುತ್ತಾ ಬೆವರಿಹೋದೆ.

ಟಿಕ್ ಎಂದಿತು ಉಂಗುರ.
ಬೆರಳಿಗೆ ಬಿಳಿಗೆರೆ, ಆಮೇಲೆ ಕೆಂಪು.
ಅತ್ತಳು, ನೋವಿಗಲ್ಲ ಅಂದಳು.

ಅಕ್ಟೋಬರಿನಲ್ಲಿ ವಲೇರಿಯನ್ ಬಂದ,
ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಉಂಗುರ.
ಕೊಯ್ದ ಕಡೆ ಉಗುರಾಡಿಸಿ ಬಹಳ ಹೊತ್ತು ನೋಡಿದ,
ಎಂಜಿನ್ ರೂಮಿನ ಮನುಷ್ಯ.
"ಕಟ್ ನೇರವಾಗಿದೆ," ಅಂದ.

ಬೆಸೆಸಿಲ್ಲ ಇನ್ನೂ.
ಚಿನ್ನದ ಹುಡಿ ಬಿದ್ದ ಪೇಪರು
ನಮ್ಮ ಡ್ರಾಯರಿನಲ್ಲೇ ಇದೆ, ಮಡಚಿ.