ಮಂಜಿಗೆ ಎಷ್ಟು ಅಂಕ

ರೂವಿಯ ಥಿಯೇಟರಿನಿಂದ ಹೊರಗೆ ಬಿದ್ದದ್ದೇ
ಕನ್ನಡಕದ ಎರಡೂ ಗಾಜು ಬೆಳ್ಳಗಾದವು.
ಆಗಸ್ಟು. ರಾತ್ರಿ ಎಂಟಕ್ಕೂ ಮೂವತ್ತೆಂಟು ಡಿಗ್ರಿ.
ಎರಡೂವರೆ ಗಂಟೆ ಪರದೆಯ ಮೇಲೆ ಸುರಿದ
ಇಂಗ್ಲೆಂಡಿನ ಮಂಜಿಗಿಂತ ಇದೇ ವಾಸಿ ಎಂದೆ,
ವೇಲಿನ ತುದಿಯಲ್ಲಿ ಒರೆಸುತ್ತ:
ಇದು ತಾನಾಗಿ ಬಂದದ್ದು,
ಅದು ಮಿಷನ್ನು ಊದಿದ್ದು.

ತೀರ್ಪು ಸಿದ್ಧವಾಗಿತ್ತು, ಅರ್ಧ ಸಿನಿಮಾ ಆಗುವ ಮುಂಚೆಯೇ.
ಹದಿನೇಳು ವರ್ಷ ಹತ್ತನೇ ಕ್ಲಾಸಿನ ಪೇಪರು ತಿದ್ದಿದ ಕೈ.
ಆ ಕಾದಂಬರಿ ನನಗೆ ಬಿ.ಎ. ಎರಡನೇ ವರ್ಷದ ಪಠ್ಯ.
ಕುಂದಾಪುರದಲ್ಲಿ, ಫ್ಯಾನು ತಿರುಗದ ಕೋಣೆಯಲ್ಲಿ
ಶಾನುಭಾಗ ಸರ್ ನೋಟ್ಸು ಬರೆಸುತ್ತಿದ್ದರು:
ಭಯದ ಲಕ್ಷಣಗಳು. ಒಂದು, ಹಳೆಯ ಬಂಗಲೆ.
ಎರಡು, ಬೀಗ ಹಾಕಿದ ಕೋಣೆ. ಮೂರು, ಹವಾಮಾನ. ನಾಲ್ಕು...
ನಾಲ್ಕನೆಯದಕ್ಕೆ ಯಾವಾಗಲೂ ಬೆಲ್ಲು ಹೊಡೆಯುತ್ತಿತ್ತು.

ಕರಕ್ ಚಹಾದ ಕಾಗದದ ಕಪ್ಪು ಹಿಡಿದು
ಬಸ್ ಸ್ಟಾಪಿನಲ್ಲಿ ಕೂತು ಸೆವ್ರಿನ್‌ಗೆ ವಿವರಿಸಿದೆ:
ಮೊದಲ ಹೆಂಡತಿ ಸತ್ತದ್ದು ಹೇಗೆಂದು
ಪುಸ್ತಕದಲ್ಲಿ ಮುನ್ನೂರು ಪುಟ ಯಾರೂ ಬಾಯಿ ಬಿಡುವುದಿಲ್ಲ,
ಇವನು ಐದನೇ ನಿಮಿಷಕ್ಕೇ ಹೆಣ ತೇಲಿಸಿದ.
ಪುಸ್ತಕದ ದೊರೆಗೆ ನಲ್ವತ್ತಾರು, ಹುಳುಕು ಹಲ್ಲು;
ಇಲ್ಲಿ ಅಂಗಿ ಬಿಚ್ಚಿ ಕುದುರೆ ಹತ್ತುತ್ತಾನೆ.
ಕೊನೆಗೆ ಅವಳು ಮನೆ ಬಿಟ್ಟು ನಡೆಯಬೇಕು, ಒಬ್ಬಳೇ,
ಹಿಂತಿರುಗಿ ನೋಡದೆ, ಅರ್ಧ ಪುಟದುದ್ದದ ಒಂದೇ ವಾಕ್ಯದಲ್ಲಿ.
ಇವನು ಮುತ್ತು ಕೊಡಿಸಿದ.
ಸೆನ್ಸಾರಿನವರು ಕತ್ತರಿಸಿದ್ದಕ್ಕೆ ಅದೂ ಕಾಣಲಿಲ್ಲ,
ಬರೀ ವಯೊಲಿನ್ ಕೇಳಿಸಿತು.
ನೂರಕ್ಕೆ ಮೂವತ್ನಾಲ್ಕು, ಎಂದೆ.
ಕ್ಯಾಮರಾದ ಮುಖ ನೋಡಿ ಇನ್ನೊಂದು ಸೇರಿಸಿ
ಪಾಸು ಮಾಡಬಹುದು.

ಸೆವ್ರಿನ್ ಲೋಬೊ, ಶಿರ್ವದವಳು,
ಕುರುಮ್‌ನ ವಿಲ್ಲಾದಲ್ಲಿ ಒಂಬತ್ತು ವರ್ಷದಿಂದ
ಒಳಗೇ ಇದ್ದು ಕೆಲಸ ಮಾಡುವವಳು,
ತಿಂಗಳಿಗೆ ಎರಡು ಶುಕ್ರವಾರ ಅವಳದು,
ಏಲಕ್ಕಿ ಸಿಪ್ಪೆ ಉಗಿದು ಕೇಳಿದಳು:
"ಅಲ್ಲ ಮಾರಾಯ್ತಿ, ಆ ಹುಡುಗಿ ದಿನಾ ಬಿಳಿ ಗೌನು ಹಾಕಿ
ಕೆಸರಲ್ಲಿ ಓಡ್ತಾಳಲ್ಲ, ಅದನ್ನು ತೊಳೆಯುವುದು ಯಾರು?
ಒಂದೊಂದು ಮೆಟ್ಟಿಲಿಗೂ ಹತ್ತು ಮೇಣದಬತ್ತಿ.
ಮರುದಿನ ಚಾಕು ಹಿಡಿದು ಮೇಣ ಕೆರೆದವಳನ್ನು
ಒಂದು ಸಲವಾದರೂ ತೋರಿಸಿದ್ರಾ?
ಮತ್ತೆ ಆ ಜೇಡರ ಬಲೆ!
ಅಷ್ಟು ಬಲೆ ಇಟ್ಟುಕೊಂಡರೆ ಕೆಲಸ ಉಳಿಯುತ್ತಾ?"

ನಕ್ಕೆ. ನಗುತ್ತಲೇ ಕೇಳಿದೆ, ಹೆದರಿಕೆ ಆಗಲಿಲ್ಲವಾ,
ಬೀಗದ ಕೋಣೆಯೊಳಗೆ ಉಗುರು ಕೆರೆದಾಗ,
ಕನ್ನಡಿಯಲ್ಲಿ ಸತ್ತವಳು ನಿಂತಾಗ?
ಮುಂದಿನ ಸಾಲಿನ ಗಂಡಸರೂ ಕಿರುಚಿದರಲ್ಲ.

"ಅದೆಂಥ ಹೆದರಿಕೆ. ಸತ್ತವರು ಕೆಲಸ ಹೇಳುವುದಿಲ್ಲ.
ಒಂದು ಸಲ ಆಯ್ತು.
ಅಡುಗೆಮನೆ ತೋರಿಸಿದರಲ್ಲ, ಒಂದೇ ಒಂದು ಸಲ,
ಗೋಡೆಯಲ್ಲಿ ಸಾಲಾಗಿ ಗಂಟೆಗಳು,
ಒಂದೊಂದರ ಕೆಳಗೆ ಒಂದೊಂದು ಕೋಣೆಯ ಹೆಸರು.
ಯಾರೂ ಇಲ್ಲ. ಅದರಲ್ಲೊಂದು ಅಲ್ಲಾಡಿತು.
ನಾನು ಸೀಟಿನಿಂದ ಅರ್ಧ ಎದ್ದಿದ್ದೆ.
ನೀನು ನೋಡಲಿಲ್ಲ."

ನೋಡಿರಲಿಲ್ಲ. ಆ ಹೊತ್ತಿಗೆ ನಾನು
ಪುಸ್ತಕದಲ್ಲಿ ಇಲ್ಲದ ದೃಶ್ಯವೆಂದು
ಒಂದು ಅಂಕ ಕಳೆಯುತ್ತಿದ್ದೆ.

ಬಸ್ಸು ಬಂತು. ಅವಳ ಚೀಲದೊಳಗೆ ಫೋನು ನಡುಗಿತು.
ಹೆಸರು ನೋಡುವ ಮೊದಲೇ ಎದ್ದು ನಿಂತಿದ್ದಳು.
ಐವಾ ಮಾಮಾ. ಐವಾ, ಐವಾ.

ರಾತ್ರಿ ದಾರ್ಸೈತಿನ ಫ್ಲಾಟಿನಲ್ಲಿ ಹಳೆಯ ಪ್ರತಿ ತೆಗೆದೆ,
ಬೆನ್ನಿಗೆ ಅಂಟಿಸಿದ ಟೇಪು ಇಲ್ಲಿನ ಸೆಕೆಗೆ ಎದ್ದು ಬಂದಿದೆ.
ಇನ್ನೂರ ಹನ್ನೆರಡನೇ ಪುಟದಲ್ಲಿ ಸಿಕ್ಕಿದಳು.
ಹೆಸರಿಲ್ಲ. ಕಲ್ಲಿದ್ದಲಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತು
"ಈಗ ಯಾರು ಕರೆದದ್ದು?" ಎಂದು ಕೇಳುತ್ತಾಳೆ, ಅಷ್ಟೇ.
ಉತ್ತರ ಬರುವ ಮೊದಲೇ ಅಧ್ಯಾಯ ಮುಗಿಯುತ್ತದೆ.
ಪಕ್ಕದಲ್ಲಿ ಪೆನ್ಸಿಲ್ಲು, ಹತ್ತೊಂಬತ್ತರ ನನ್ನದೇ ದುಂಡು ಅಕ್ಷರ:
ಪರೀಕ್ಷೆಗೆ ಬೇಡ.